ಬರಿ ಡಬ್ಬಿ ಕೊಡಬಾರದು

ನಮ್ಮ ಕಡೆ ಯಾರ ಮನೆಯಿಂದ ಏನು ಬಂದರೂ ಆ ಪಾತ್ರೆಯನ್ನು ಬರಿದಾಗಿ ವಾಪಸ್ ಕೊಡಬಾರದು. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಅರಸೀಕೆರೆಯ ನಮ್ಮ ಬೀದಿಯಲ್ಲಿ ಜಗಳವಾಡಿ ಮಾತು ಬಿಟ್ಟವರೂ ಈ ಒಂದು ವಿಷಯದಲ್ಲಿ ತಪ್ಪುವುದಿಲ್ಲ. ಆ ಚಿಟಿಕೆ ಸಕ್ಕರೆಯನ್ನು ನಂಬಿಕೊಂಡು ನಾನು ಇಪ್ಪತ್ತಾರು ವರ್ಷ ಮೋಸ ಹೋದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ನಾನು ಬಿಕ್ಕೋಡಿನ ಕಡೆಯವಳು. ಅಪ್ಪ ಅಲ್ಲಿನ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು, ಆಳುಗಳ ಹಾಜರಿ ಬರೆಯುವ ಕೆಲಸ. ಕಾಫಿ ಗಿಡಗಳ ನಡುವೆ ಅಲ್ಲೊಂದು ಇಲ್ಲೊಂದು ಕಿತ್ತಳೆ ಮರ ಇರುತ್ತಿತ್ತು. ಚಳಿ ಬಿತ್ತೆಂದರೆ ಹಣ್ಣೋ ಹಣ್ಣು. ಬಂಗಲೆಯ ಅಡುಗೆಯವನು ಆ ಹಣ್ಣು ಹಾಕಿ ಕೇಕು ಮಾಡುತ್ತಿದ್ದ. ಅಮ್ಮ ಅವನನ್ನು ಕೇಳಿ ಕಲಿತಳು. ಅವನದರಲ್ಲಿ ಮೊಟ್ಟೆ ಇರುತ್ತಿತ್ತು. ನಾವು ಲಿಂಗ ಕಟ್ಟಿಕೊಂಡ ಮನೆಯವರು, ಮೊಟ್ಟೆ ಅಂದರೆ ಹೊಸ್ತಿಲು ದಾಟುವ ಹಾಗಿಲ್ಲ. ಅಮ್ಮ ಮೊಟ್ಟೆ ಬಿಟ್ಟು ಹುಳಿ ಮೊಸರು ಹಾಕಿ ನೋಡಿದಳು. ಎರಡು ಚಳಿಗಾಲ ಕೇಕು ಕಲ್ಲಿನ ಹಾಗಾಯಿತು, ಮೂರನೆಯದರಲ್ಲಿ ಅರಳಿತು. ಆ ಹದವನ್ನೇ ನಾನು ಮದುವೆಯಾಗಿ ಬರುವಾಗ ಜೊತೆಗೆ ತಂದೆ. ಒಡವೆ ಹೆಚ್ಚೇನೂ ತಂದಿರಲಿಲ್ಲ ಬಿಡಿ.

ನಮ್ಮ ಯಜಮಾನರದು ತೆಂಗಿನಕಾಯಿ ವ್ಯಾಪಾರ. ಬೀದಿಯ ತುಂಬ ಅಂಥವರೇ. ಕೊಬ್ಬರಿ ಮಂಡಿಯವರು, ಕಣಕಟ್ಟೆ ಕಡೆ ತೋಟ ಇಟ್ಟುಕೊಂಡು ಇಲ್ಲಿ ಮನೆ ಮಾಡಿದವರು. ಹೊಸದಾಗಿ ಬಂದ ನನ್ನನ್ನು ಎಲ್ಲರೂ 'ಎಸ್ಟೇಟಿನೋಳು' ಅಂತಿದ್ದರು. ಕೆಟ್ಟದಾಗೇನಲ್ಲ. ಆದರೂ ಅಂತಿದ್ದರು. ಅತ್ತೆ ಮೊದಲೇ ತೀರಿಹೋಗಿದ್ದರಿಂದ ಇದು ಹೀಗೆ, ಅದು ಹಾಗೆ ಅಂತ ಹೇಳಿಕೊಡುವವರು ಮನೆಯಲ್ಲಿ ಯಾರೂ ಇರಲಿಲ್ಲ. ನನ್ನ ಕೈ ಹಿಡಿದದ್ದು ಎದುರುಮನೆಯ ಅಕ್ಕ.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ನನಗಿಂತ ಹನ್ನೆರಡು ವರ್ಷ ದೊಡ್ಡವಳು, ಇಡೀ ಬೀದಿಗೇ ಅಕ್ಕ. ಮಠದಿಂದ ಸ್ವಾಮಿಗಳು ಬಂದರೆ ಪಾದಪೂಜೆ ಅವರ ಮನೆಯಲ್ಲೇ. ಯಾರ ಮನೆಯಲ್ಲಿ ನಾಮಕರಣವಾದರೂ ಮೊದಲು ಅಕ್ಕನನ್ನು ಕೇಳಬೇಕು. ನನಗೆ ಹೊಟ್ಟೆಯ ಆಪರೇಷನ್ ಆದಾಗ ಹದಿನೈದು ದಿನ ಎರಡು ಹೊತ್ತೂ ಗಂಜಿ ತಂದು ಕುಡಿಸಿದವಳು ಅವಳೇ. ಅದನ್ನು ಇಲ್ಲ ಅಂದರೆ ನನ್ನ ನಾಲಿಗೆ ಬಿದ್ದುಹೋಗಲಿ.

ನಾನು ಮದುವೆಯಾಗಿ ಬಂದ ವರ್ಷ ಚಳಿಗಾಲದಲ್ಲಿ ನನ್ನ ತಮ್ಮ ಒಂದು ಚೀಲ ಕಿತ್ತಳೆ ಕಳಿಸಿದ. ಬೇಲೂರಿನಲ್ಲಿ ಬಸ್ಸಿಗೆ ಹಾಕಿ ಕಂಡಕ್ಟರಿಗೆ ಹೇಳಿದರೆ ಹಳೇಬೀಡು, ಜಾವಗಲ್ ದಾಟಿಕೊಂಡು ನಮ್ಮೂರಿಗೆ ಬಂದು ಬೀಳುತ್ತದೆ. ಇವತ್ತಿಗೂ ಹಾಗೇ ಬರುವುದು. ಕೇಕು ಮಾಡಿ ಬೀದಿಗೆಲ್ಲ ಹಂಚೋಣ ಅಂತ ನನಗೆ ಆಸೆಯಾಯಿತು. ಹೋಳಿಗೆ, ಕಡುಬು ನನಗಿಂತ ಚೆನ್ನಾಗಿ ಮಾಡುವವರು ಮನೆಗೊಬ್ಬರಿದ್ದರು. ಇದೊಂದು ಮಾತ್ರ ನನ್ನದೇ ಆಗಿತ್ತು. ಇದನ್ನು ತಿಂದ ಮೇಲೆ ನಾನು ಎಸ್ಟೇಟಿನವಳಲ್ಲ, ಈ ಬೀದಿಯವಳು ಅಂತ ಅನ್ನಿಸಿಕೊಳ್ಳಬೇಕಿತ್ತು. ನನಗೆ ಬೇಕಾಗಿದ್ದುದು ಅದಷ್ಟೇ ಕಣ್ರೀ.

ಅಕ್ಕ ನೋಡುವುದಕ್ಕೆ ಬಂದು ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತಳು. ನಾನು ಕಿತ್ತಳೆ ಸಿಪ್ಪೆಯ ಮೇಲಿನ ಬಣ್ಣವನ್ನಷ್ಟೇ ತುರಿದೆ, ಒಳಗಿನ ಬಿಳಿ ಸೇರಿದರೆ ಕಹಿ. ರಸ ಹಿಂಡಿದೆ, ಮೈದಾ ಜರಡಿ ಹಿಡಿದೆ, ಬೆಣ್ಣೆ ಸಕ್ಕರೆ ಸೇರಿಸಿ ಕಡೆದೆ.

"ಮೊಟ್ಟೆ ಹಾಕಲ್ವೇನೇ?" ಅಂದಳು ಅಕ್ಕ.

"ಶಿವ ಶಿವಾ! ಇಲ್ಲ ಅಕ್ಕ, ಮೊಸರು. ನಿಮ್ಮನೆ ಹಾಲಿಂದೇ."

ಬೀದಿಯಲ್ಲಿ ಹಸು ಇದ್ದದ್ದು ಅವರ ಮನೆಯಲ್ಲಿ ಮಾತ್ರ, ನಮಗೆಲ್ಲ ಹಾಲು ಅಲ್ಲಿಂದಲೇ. ಸೋಡಾ ಬಿದ್ದು ಹಿಟ್ಟು ಬುಸ್ಸೆಂದು ಉಬ್ಬಿದಾಗ ಅಕ್ಕನಿಗೆ ಮಕ್ಕಳ ಹಾಗೆ ನಗು ಬಂತು. "ಕೊಡಿಲ್ಲಿ, ನಾನೂ ಒಂದು ಕೈ ತಿರುವುತೀನಿ" ಅಂತ ಸೌಟು ಕಿತ್ತುಕೊಂಡಳು. ಮರಳು ಹಾಸಿದ ದಪ್ಪ ಬಾಣಲೆಯಲ್ಲಿ ತಟ್ಟೆ ಇಟ್ಟು, ಮುಚ್ಚಿ, ಮುಚ್ಚಳದ ಮೇಲೆ ತೆಂಗಿನ ಕರಟದ ಕೆಂಡ ಸುರಿದೆವು. ಕರಟಕ್ಕೇನು, ನಮ್ಮೂರಲ್ಲಿ ಬರವೇ? ಮುಕ್ಕಾಲು ಗಂಟೆಗೆ ಬೀದಿಯೆಲ್ಲ ಘಂ ಅಂತು.

ಹನ್ನೊಂದು ಮನೆಗೆ ಹನ್ನೊಂದು ಸ್ಟೀಲ್ ಡಬ್ಬಿ. ಮೂಲೆಮನೆಯ ಅಜ್ಜಿಗೆ ಹಲ್ಲಿಲ್ಲ ಅಂತ ನಡುವಿನ ಮೆತ್ತನೆಯ ಭಾಗವನ್ನು ಅಂಚಿಲ್ಲದ ಹಾಗೆ ಚೌಕವಾಗಿ ಕುಯ್ದು ಇಟ್ಟೆ. ಎರಡು ದಿನದಲ್ಲಿ ಡಬ್ಬಿಗಳೆಲ್ಲ ವಾಪಸ್ ಬಂದವು. ಒಂದರಲ್ಲಿ ಸಕ್ಕರೆ, ಒಂದರಲ್ಲಿ ಕೊಬ್ಬರಿ ಗಿಟುಕು, ಇನ್ನೊಂದರಲ್ಲಿ ಎರಡು ಅಚ್ಚು ಬೆಲ್ಲ. ಒಂದೂ ಬರಿದಾಗಿ ಬರಲಿಲ್ಲ. "ಬಾಳ ಚೆನ್ನಾಗಿತ್ತು ಕಣಮ್ಮ" ಅಂದರು. ನಾನು ಬಚ್ಚಲಿಗೆ ಹೋಗಿ ಖುಷಿಗೆ ಅತ್ತೆ.

ಅವತ್ತಿನಿಂದ ಪ್ರತಿ ಚಳಿಗಾಲವೂ ಇದೇ. ಬೀದಿಯ ಮದುಮಕ್ಕಳು ಅತ್ತೆಯರಾದರು. ಗ್ಯಾಸ್ ಒಲೆ ಬಂತು, ಮಗಳು ಓವನ್ನನ್ನೂ ತಂದುಕೊಟ್ಟಳು. ನಾನು ಮಾತ್ರ ಕರಟದ ಕೆಂಡ ಬಿಡಲಿಲ್ಲ. ಅಕ್ಕನೂ ಪ್ರತಿ ವರ್ಷ ಬಂದು ಮಣೆ ಮೇಲೆ ಕೂತು, ಒಂದು ಕೈ ತಿರುವಿ, ತನ್ನ ಡಬ್ಬಿ ತಾನೇ ತೆಗೆದುಕೊಂಡು ಹೋಗುತ್ತಿದ್ದಳು.

ಒಂದು ಸಲ ನಾವಿಬ್ಬರೇ ಬಸ್ಸು ಹತ್ತಿ ಹಳೇಬೀಡಿಗೆ ಹೋಗಿದ್ದೆವು. ಕೆರೆ ಏರಿಯ ಮೇಲೆ ಕೂತು ನಾನು ಕೇಕಿನ ಡಬ್ಬಿ ಬಿಚ್ಚಿದೆ. "ನೀನು ತಿನ್ನೇ, ನಂಗಿವತ್ತು ಸೋಮವಾರ" ಅಂದಳು. ಸೋಮವಾರ ಅವಳಿಗೆ ಒಪ್ಪತ್ತು, ನಿಜ. ಇನ್ನೊಂದು ವರ್ಷ ಹಲ್ಲುನೋವು. ಆಮೇಲೆ ಶುಗರ್ ಬಂತು. ಮನೆಗೆ ಹೋಗಿ ಒಂದು ಚೂರು ಬಾಯಿಗೆ ಹಾಕ್ಕೋತೀನಿ ಬಿಡು ಅನ್ನುತ್ತಿದ್ದಳು. ಇಪ್ಪತ್ತಾರು ವರ್ಷದಲ್ಲಿ ಆ ಹೆಂಗಸು ನನ್ನ ಕಣ್ಣೆದುರಿಗೆ ಒಂದು ತುಣುಕು ತಿಂದಿರಲಿಲ್ಲ. ಇದು ನನಗೆ ಹೊಳೆದಿದ್ದಾದರೂ ಯಾವಾಗ? ಎಲ್ಲ ಮುಗಿದ ಮೇಲೆ.

ಹೋದ ಡಿಸೆಂಬರಿನ ಮಾತು. ಭಾನುವಾರ ಕೇಕು ಹಂಚಿದ್ದೆ. ನಮ್ಮ ಬೀದಿಯಲ್ಲಿ ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕ ಅನ್ನ ಎಲ್ಲವೂ ಅಕ್ಕನ ಹಸುವಿಗೇ ಹೋಗುವುದು. ನಾವು ಅದನ್ನು ಕಲಗಚ್ಚು ಅಂತೀವಿ. ಅವರ ಕೆಲಸದವಳು ಮನೆಮನೆಗೆ ಬಂದು ಬಕೆಟ್ಟಿಗೆ ತುಂಬಿಕೊಂಡು ಹೋಗುತ್ತಾಳೆ. ಸೋಮವಾರ ಅವಳಿಗೆ ಜ್ವರ, ಬರಲಿಲ್ಲ. ವಾಸನೆ ಬರುತ್ತದಲ್ಲ ಅಂತ ನಾನೇ ಬಕೆಟ್ಟು ಎತ್ತಿಕೊಂಡು ಅಕ್ಕನ ಹಿತ್ತಲಿಗೆ ಹೋದೆ. ಅಷ್ಟು ವರ್ಷದಲ್ಲಿ ಮುಂಬಾಗಿಲಿನಿಂದ ಅಡುಗೆಮನೆವರೆಗೆ ಹೋಗಿದ್ದೇನೆ, ಕೊಟ್ಟಿಗೆಗೆ ಕಾಲಿಟ್ಟಿರಲಿಲ್ಲ.

ಹಸು ಬಾನಿಗೆ ಮೂತಿ ಹಾಕಿಕೊಂಡು ಗಬಗಬ ತಿನ್ನುತ್ತಿತ್ತು. ಬಗ್ಗಿ ಸುರಿಯುವುದಕ್ಕೆ ಹೋದೆ. ಹಳದಿ ಹಳದಿ ತುಂಡುಗಳು, ಅದರೊಳಗೆ ಕಿತ್ತಳೆ ಸಿಪ್ಪೆಯ ತುರಿ. ನನ್ನ ಕೇಕು. ಒಂದು ಮನೆಯದ್ದಲ್ಲ, ಬಾನಿ ತುಂಬ. ಬೀದಿಯವರೆಲ್ಲ ಬೆಳಿಗ್ಗೆ ತಾವೇ ತಂದು ಸುರಿದು ಹೋಗಿದ್ದರು. ಅಂಚಿಲ್ಲದ ಒಂದು ಚೌಕ ತುಂಡು ಅಕ್ಕಿ ತೊಳೆದ ನೀರಿನಲ್ಲಿ ತೇಲುತ್ತಿತ್ತು. ಮೂಲೆಮನೆ ಅಜ್ಜಿಯದು. ಮೆತ್ತಗಿದೆಯಾ ಅಂತ ಬೆರಳಿನಲ್ಲಿ ಒತ್ತಿ ನೋಡಿ ಇಟ್ಟಿದ್ದೆ ಅದನ್ನು.

ನನ್ನ ಬಕೆಟ್ಟನ್ನು ಸುರಿಯದೆ ಕೆಳಗಿಟ್ಟೆ. ಅಷ್ಟರಲ್ಲಿ ಪಕ್ಕದ ಮನೆಯ ಸೊಸೆ ತನ್ನ ಬಕೆಟ್ಟು ಹಿಡಿದುಕೊಂಡು ಹಿತ್ತಲ ಬಾಗಿಲಿಂದ ಬಂದಳು. ನನ್ನನ್ನು ಕಂಡವಳೇ ಬಕೆಟ್ಟನ್ನು ಸೆರಗಿನ ಹಿಂದೆ ಮರೆಮಾಡಿದಳು. ಬಕೆಟ್ಟು ಸೆರಗಿನಲ್ಲಿ ಮುಚ್ಚುತ್ತದೆಯೇ?

"ಯಾಕಮ್ಮ?" ಅಂದೆ.

ಪಾಪ, ಅವಳು ಬಂದು ನಾಲ್ಕು ವರ್ಷ. ಸುಳ್ಳು ಹೇಳುವುದನ್ನು ಇನ್ನೂ ಕಲಿತಿರಲಿಲ್ಲ. "ಆಂಟಿ, ಬೇಜಾರು ಮಾಡ್ಕೋಬೇಡಿ. ಅದ್ರಲ್ಲಿ ಮೊಟ್ಟೆ ಇರುತ್ತೇನೋ ಅಂತ ನಮ್ಮತ್ತೆ ತಿನ್ನೋಕೆ ಬಿಡಲ್ಲ. ಮೊದಲಿಂದ್ಲೂ ಯಾರ ಮನೇಲೂ ತಿನ್ನಲ್ವಂತೆ."

"ಮೊಟ್ಟೆ ಐತೆ ಅಂತ ಯಾರಂದ್ರು?"

"ಯಾರೂ ಅನ್ನಲಿಲ್ಲ. ಅವಾಗ ಎಲ್ರೂ ಅಕ್ಕನ್ನೇ ಕೇಳಿದ್ರಂತೆ, ನೀವು ಮಾಡುವಾಗ ಅವರು ಜೊತೇಲಿದ್ರಲ್ಲ ಅಂತ. ಅಕ್ಕ ಗೊತ್ತಿಲ್ಲ ಅಂದ್ರಂತೆ. ಅವರೇ ಗೊತ್ತಿಲ್ಲ ಅಂದ್ಮೇಲೆ..."

ಮಾತು ಕೇಳಿ ಅಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತ ಹಿತ್ತಲಿಗೆ ಬಂದಳು. "ಏನೇ, ನೀನೇ ಬಂದ್ಬಿಟ್ಟೆ? ಕೂಗಿದ್ರೆ ನಾನೇ ಬತ್ತಿದ್ನಲ್ಲ" ಅಂದವಳು ನನ್ನ ಮುಖ ನೋಡಿದಳು, ಬಾನಿ ನೋಡಿದಳು. ಸೊಸೆ ಬಕೆಟ್ಟನ್ನು ಅಲ್ಲೇ ಇಟ್ಟು ಜಾಗ ಖಾಲಿ ಮಾಡಿದಳು.

"ಅಕ್ಕ, ನನ್ನ ಕೇಕಲ್ಲಿ ಮೊಟ್ಟೆ ಐತಾ?"

"ಇಲ್ಲ ಕಣೇ."

"ಮತ್ತೆ ಇವರಿಗೆಲ್ಲ ಏನಂದ್ರಿ?"

"ಐತೆ ಅಂತ ನಾನೆಲ್ಲಿ ಅಂದೆ? ಗೊತ್ತಿಲ್ಲ ಅಂದೆ, ಅಷ್ಟೆ. ಶಿವನಾಣೆ."

"ಸೌಟು ಹಿಡಿದು ತಿರುವಿದ ಕೈ ಯಾರದು ಅಕ್ಕ?"

ಅವಳು ಕೊಟ್ಟಿಗೆಯ ಕಂಬಕ್ಕೆ ಒರಗಿದಳು. "ನೀನು ಹೊಸಬಳು ಆಗ. ಎಸ್ಟೇಟ್ ಕಡೆಯೋಳು ಅಂತ ಎಲ್ಲರಿಗೂ ಅನುಮಾನ. ಇಲ್ಲ ಅಂದಿದ್ರೆ ಅವಳ ಪರ ವಹಿಸ್ಕೊಂಡು ಬಂದ್ಲು ಅಂತಿದ್ರು. ನಂಗ್ಯಾಕೆ ಊರ ಉಸಾಬರಿ ಅಂತ ಗೊತ್ತಿಲ್ಲ ಅಂದೆ. ಒಂದ್ಸಲ ಗೊತ್ತಿಲ್ಲ ಅಂದ್ಮೇಲೆ ಮುಂದಿನ ವರ್ಷ ಗೊತ್ತು ಅಂತ ಹೆಂಗೆ ಅನ್ನಲಿ ಹೇಳು?"

"ನೀವಾದರೂ ಯಾಕೆ ತಿನ್ನಲಿಲ್ಲ?"

"ಬೀದಿಯೋರೆಲ್ಲ ಬಿಟ್ಟಿದ್ದನ್ನ ನಾನೊಬ್ಬಳು ತಿಂದ್ರೆ ಏನಂತಾರೆ?"

ಹಸು ಬಾನಿಯ ತಳ ನೆಕ್ಕುತ್ತಿತ್ತು. ನನಗೆ ಇದ್ದಕ್ಕಿದ್ದ ಹಾಗೆ ಹೊಳೆಯಿತು. ಪ್ರತಿ ಸೋಮವಾರ ಆ ಹಸುವಿನ ಹಣೆಗೆ ವಿಭೂತಿ ಹಚ್ಚಿ ಕಾಲಿಗೆ ಬೀಳುವ ಹೆಂಗಸು ಇವಳು.

"ಮೊಟ್ಟೆ ಐತೋ ಇಲ್ವೋ ಅಂತ ಗೊತ್ತಿಲ್ಲದ್ದನ್ನ ಗೋಮಾತೆಗೆ ಹೆಂಗೆ ಹಾಕಿದ್ರಿ ಅಕ್ಕ?"

"ಅದ್ರಲ್ಲಿ ಮೊಟ್ಟೆ ಇಲ್ಲ ಅಂತ ನಂಗೆ ಗೊತ್ತಲ್ವೇನೇ" ಅಂದಳು. ಒಂದು ಚೂರೂ ಅಳುಕಿಲ್ಲದೆ ಅಂದಳು. ನನಗೆ ಸಮಾಧಾನ ಹೇಳುವವಳ ಹಾಗೆ ನನ್ನ ಭುಜದ ಮೇಲೆ ಕೈಯನ್ನೂ ಇಟ್ಟಳು.

ನಾನು ಕೈ ಕೊಡವಿ ಮನೆಗೆ ಬಂದೆ. ಯಜಮಾನರಿಗೆ ಹೇಳಿದರೆ, "ಬಿಡು ಅತ್ಲಾಗೆ, ಹಸು ತಿಂದ್ರೆ ಪುಣ್ಯ ಬತ್ತದೆ" ಅಂದರು. ಪುಣ್ಯವಂತೆ ಪುಣ್ಯ! ಪುಣ್ಯ ಬೇಕಿದ್ದರೆ ನಾನು ಹಿಂಡಿ ಬೂಸಾ ತಂದು ಹಾಕುತ್ತಿದ್ದೆ, ಸಿಪ್ಪೆ ತುರಿದು ಬೆರಳು ಯಾಕೆ ಕುಯ್ದುಕೊಳ್ಳಲಿ? ಅವತ್ತು ಊಟ ಸೇರಲಿಲ್ಲ. ಬೀದಿಯವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಗೊತ್ತಿದ್ದವಳು ಒಬ್ಬಳೇ. ಅವಳು ವರ್ಷಕ್ಕೊಂದು ಸಲ ನನ್ನ ಮಣೆಯ ಮೇಲೆ ಕೂತು, ಹಿಟ್ಟು ಉಬ್ಬುವುದನ್ನು ನೋಡಿ ನಗುತ್ತಿದ್ದಳು. ಆ ನಗು ಸುಳ್ಳಲ್ಲ ಅಂತ ಇವತ್ತಿಗೂ ಅನ್ನಿಸುತ್ತದೆ. ಅದಕ್ಕೇ ಇನ್ನೂ ಸಂಕಟ. ಗಂಜಿ ಕುಡಿಸಿದ್ದೂ ಅದೇ ಕೈ. ಬರೀ ಕೆಟ್ಟವಳಾಗಿದ್ದರೆ ಬೈದು ಮರೆಯುತ್ತಿದ್ದೆ.

ಹಾಲು ಮಾತ್ರ ಅಂದಿನಿಂದ ಅಂಗಡಿಯ ಪ್ಯಾಕೆಟ್ಟು. ಉಳಿದ ಕಿತ್ತಳೆ ಬುಟ್ಟಿಯಲ್ಲೇ ಬೂಸಲು ಹಿಡಿಯಿತು.

ಸಂಕ್ರಾಂತಿ ಬಂತು. ಬೀದಿಯವರು ಎಳ್ಳು ಬೀರಲು ಬಂದರು, ನಾನೂ ಕೊಟ್ಟೆ, ತೆಗೆದುಕೊಂಡೆ. ಅಕ್ಕ ತಾನು ಬರಲಿಲ್ಲ. ಮೊಮ್ಮಗಳ ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ ಕಳಿಸಿದಳು. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಮೇಲೆ ನನಗಿಷ್ಟ ಅಂತ ಎರಡು ಸಕ್ಕರೆ ಅಚ್ಚು. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಬೇಕಂತೆ. ನಾನು ಪೂರ್ತಿ ತಿಂದೆ, ಒಂದು ಕಾಳೂ ಬಿಡಲಿಲ್ಲ. ಒಳ್ಳೆ ಮಾತು ಬರಲಿ ಅಂತ ಕಾದೆ, ಬರಲಿಲ್ಲ.

ಆಮೇಲೆ ಡಬ್ಬಿ ತೊಳೆದೆ. ಸೆರಗಿನಲ್ಲಿ ಒಳಗೂ ಹೊರಗೂ ಒರೆಸಿದೆ. ಸಕ್ಕರೆ ಡಬ್ಬದ ತನಕ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಹುಟ್ಟಿದಾಗಿನಿಂದ ಹಾಗೆ ಮಾಡಿದವಳಲ್ಲ ನಾನು. ಮುಚ್ಚಳ ಹಾಕಿ ಬೀದಿ ದಾಟಿದೆ.

ಅಕ್ಕ ಜಗಲಿಯ ಮೇಲೆ ಇಬ್ಬರು ಹೆಂಗಸರ ಜೊತೆ ಕೂತಿದ್ದಳು. ನನ್ನನ್ನು ಕಂಡು ಮುಖ ಅರಳಿತು. ಎದ್ದು ಬಂದು ಡಬ್ಬಿ ಈಸಿಕೊಂಡಳು. ಹಗುರ ಅನ್ನಿಸಿತೋ ಏನೋ, ಅಲ್ಲೇ ಮುಚ್ಚಳ ತೆಗೆದು ನೋಡಿದಳು. ಆ ಇಬ್ಬರೂ ನೋಡಿದರು.

"ಇದೇನೇ, ಒಳಗೆ ಏನೂ ಇಲ್ವಲ್ಲೇ?"

"ನಂಗೆ ಗೊತ್ತಿಲ್ಲ ಅಕ್ಕ" ಅಂದೆ.