ವಹಾಬಣ್ಣ ಆರಿಸಿದ ಗಾಡಿ

ಕೊಟ್ಟೂರಿನಲ್ಲಿ ಬೈಕು ರಿಪೇರಿ ಅಂಗಡಿಗಳಿಗೇನು ಬರವಿಲ್ಲ. ಆದರೆ ಹಳೇ ಗಾಡಿ ಕೊಳ್ಳುವ ಮೊದಲು ಜನ ಹುಡುಕಿಕೊಂಡು ಬರುತ್ತಿದ್ದದ್ದು ಅಬ್ದುಲ್ ವಹಾಬನನ್ನು. ನಾನು ಅಂಜಿನೇಯಲು, ಅವನ ಪಕ್ಕದ ಮಳಿಗೆಯಲ್ಲಿ ಗಾಡಿ ಸೀಟು ಹೊಲಿಯುವವನು. ನಮ್ಮಿಬ್ಬರ ನಡುವೆ ಇರುವುದು ಒಂದು ತಗಡಿನ ಗೋಡೆ. ಅವನು ಕೆಮ್ಮಿದರೆ ನನಗೆ ಕೇಳುತ್ತದೆ, ನಾನು ಬೈದರೆ ಅವನಿಗೆ ಕೇಳುತ್ತಿತ್ತು. ನಾನು ಬೈಯುವುದು ಸ್ವಲ್ಪ ಜಾಸ್ತಿ, ಅದನ್ನು ಊರೇ ಬಲ್ಲದು.

ವಹಾಬಣ್ಣನಿಗೆ ಚಿಕ್ಕಂದಿನಲ್ಲಿ ಪೋಲಿಯೊ ಬಂದು ಎಡಗಾಲು ಸೊರಗಿಹೋಗಿದೆ. ಗೇರು ಒತ್ತಬೇಕಾದ ಕಾಲೇ ಅದು. ಊರಿನ ಗಾಡಿಗಳನ್ನೆಲ್ಲ ಬಿಚ್ಚಿ ಜೋಡಿಸಿದ ಮನುಷ್ಯ ಒಂದನ್ನೂ ಓಡಿಸಿದವನಲ್ಲ. ಬೇರೆ ಮೆಕ್ಯಾನಿಕ್ಕುಗಳು ತಾವೇ ಹತ್ತಿ ಟ್ರಯಲ್ ನೋಡುತ್ತಾರೆ. ಇವನು ಗಿರಾಕಿಗೇ "ಒಂದ್ ರೌಂಡ್ ಹೊಡಕೊಂಡ್ ಬರ್ರಿ" ಎಂದು ಹೇಳಿ, ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂರುತ್ತಿದ್ದ. ಗಾಡಿ ತಿರುವಿನ ತನಕ ಹೋಗಿ ವಾಪಸು ಬರುವುದರೊಳಗೆ ಅದರ ರೋಗ ಏನೆಂದು ಹೇಳಿಬಿಡುತ್ತಿದ್ದ. ಅನುಮಾನ ಉಳಿದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಡಾಕ್ಟರು ಎದೆ ನೋಡಿದ ಹಾಗೆ ನೋಡುತ್ತಿದ್ದ. ಆ ಕಿವಿಯೇ ಅವನ ಅನ್ನ. ಅವನ ಮರ್ಯಾದೆಯೂ ಅದೇ.

ಅವನ ಒಬ್ಬಳೇ ಮಗಳು ನೂರೀನ. ಗ್ರೀಸ್ ಡಬ್ಬಿಗಳ ನಡುವೆಯೇ ಬೆಳೆದ ಹುಡುಗಿ. ಓದಿ, ಕೋಗಳಿ ಕಡೆಯ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದಳು. ಬಸ್ಸು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಹೀಗಾಗಿ ಗಾಡಿ ಕಲಿಯಲೆಂದು ಎಲ್ಎಲ್ಆರ್ ಲೈಸೆನ್ಸು ಮಾಡಿಸಿದಳು. ಅವಳ ತಾಯಿ ಕಮರುನ್ನೀಸಾ ಗೇರಿಲ್ಲದ ಸ್ಕೂಟಿ ಸಾಕು ಎಂದು ಪಟ್ಟು ಹಿಡಿದರೆ, ಇವಳು ಕೇಳಬೇಕಲ್ಲ!

"ಗೇರ್ ಗಾಡಿನ ಬೇಕು ಅಮ್ಮಿ. ಅಬ್ಬಾ ಒಂದ್ ಸರ್ತಿನೂ ಗೇರ್ ಹಾಕಿಲ್ಲ. ನಾ ಹಾಕ್ತೀನಿ, ಅವ್ರು ಹಿಂದ ಕುಂತು ಕೇಳ್ಲಿ."

ಈ ಮಾತು ಕೇಳಿ ವಹಾಬಣ್ಣ ಸ್ಪ್ಯಾನರ್ ಹುಡುಕುವ ನೆಪ ಮಾಡಿ ಒಳಗೆ ಹೋದ. ಕಣ್ಣೊರೆಸಿಕೊಳ್ಳಲು ಹೋದ ಎಂದು ನನಗೆ ಗೊತ್ತು.

ಓಡಿಸಲು ಕಲಿಸಿದವನು ನಾನು, ನನ್ನ ಗಾಡಿಯಲ್ಲಿ, ಊರ ಹೊರಗಿನ ಬಯಲಿನಲ್ಲಿ. ಕ್ಲಚ್ಚು ಫಕ್ಕನೆ ಬಿಡುವಳು, ಗಾಡಿ ಜಿಗಿದು ಬಂದ್ ಆಗುವುದು. "ಮೆಲ್ಲಕ ಬಿಡವ್ವ, ನನ್ನ ಸೊಂಟ ಉಳಿಬೇಕು" ಎಂದು ನಾನು ಹಿಂದಿನಿಂದ ಕೂಗುವೆ. "ನೀವು ಬೈಯೋದ್ ಬಿಟ್ರ ಗಾಡಿ ತಾನ ಹೋಗ್ತೈತಿ ಕಾಕಾ" ಎನ್ನುವಳು. ಬಾಯಿ ಮಾತ್ರ ಏನೂ ಕಡಿಮೆಯಿಲ್ಲ.

ಅಷ್ಟರಲ್ಲಿ ನಾನು ಒಂದು ವಿಷಯ ಗಮನಿಸಿದ್ದೆ. ವಹಾಬಣ್ಣ ಈಗೀಗ ಕಣ್ಣು ಮುಚ್ಚುತ್ತಿರಲಿಲ್ಲ. ಗಾಡಿ ವಾಪಸು ಬಂದಾಗ ಗಿರಾಕಿಯ ಮುಖವನ್ನೇ ನೋಡುತ್ತಿದ್ದ. ಗಿರಾಕಿ ಹುಬ್ಬು ಗಂಟಿಕ್ಕಿದ್ದರೆ "ಒಳಗ ಏನೋ ಐತ್ರಿ" ಎನ್ನುವನು. ತಗಡಿನಾಚೆಯಿಂದ ಚಹಾಕ್ಕೆ ಕರೆದರೆ ಉತ್ತರವಿಲ್ಲ. ಮೊದಮೊದಲು ನಾನು, ಇವನಿಗೆ ಸೊಕ್ಕು ಬಂತು ಎಂದುಕೊಂಡೆ. ಆಮೇಲೆ ಕಮರುನ್ನೀಸಾ ಹೇಳಿದಳು, ಮನೆಯಲ್ಲಿ ಟೀವಿ ಹಚ್ಚಿದರೆ ಓಣಿಗೆಲ್ಲ ಕೇಳುವಷ್ಟು ಜೋರು ಇಡುತ್ತಾನಂತೆ.

ಹಗರಿಬೊಮ್ಮನಹಳ್ಳಿಯಲ್ಲಿ ಹಳೇ ಗಾಡಿ ಮಾರುವ ಮೈಲಾರೇಶ ವಹಾಬಣ್ಣನಿಗೆ ಬಹಳ ಮರ್ಯಾದೆ ಕೊಡುವವನು. ಅವನ ಹತ್ತಿರ ಅಪ್ಪ, ಮಗಳು, ನಾನು ಮೂವರೂ ಬಸ್ಸಿನಲ್ಲಿ ಹೋದೆವು. ನೂರೀನ ಮೊದಲು ಹತ್ತಿದ್ದು ಎತ್ತರದ ಒಂದು ಗಾಡಿ. ಕಾಲು ನೆಲಕ್ಕೆ ಮುಟ್ಟಲಿಲ್ಲ, ಹೆಬ್ಬೆರಳ ಮೇಲೆ ತೂಗಾಡಿದಳು. ನಾನು ನಕ್ಕೆ. ಎರಡನೆಯದು ನೀಲಿ, ಬಣ್ಣ ಹೋಗಿ ಮಾಸಲಾಗಿತ್ತು, ಸೀಟು ಹರಿದಿತ್ತು. ಆದರೆ ಹತ್ತಿದ ಕೂಡಲೇ ಎರಡೂ ಪಾದ ಊರಿ ಕೂತಳು. ಮೈಲಾರೇಶ ಚಾಲೂ ಮಾಡಿದ. ಎಷ್ಟು ಹದವಾದ ಸದ್ದು! ನಾನು ಸೀಟು ಹೊಲಿಯುವವನು, ನನಗೇ ಗೊತ್ತಾಯಿತು. ಮೂರನೆಯದು ಕೆಂಪು, ಹೊಸ ಬಣ್ಣ ಹೊಡೆದು ಮಿರಮಿರ ಮಿಂಚುತ್ತಿತ್ತು. ಚಾಲೂ ಆದದ್ದೇ ಒಳಗಿನಿಂದ ಟಕ್ ಟಕ್ ಟಕ್ ಎಂದು ಬಡಿಯತೊಡಗಿತು, ಯಾರೋ ಸುತ್ತಿಗೆ ಹಿಡಿದು ಕೂತ ಹಾಗೆ.

ವಹಾಬಣ್ಣ ಸ್ಕ್ರೂಡ್ರೈವರ್ ತೆಗೆದ. ನೀಲಿಗೆ ಇಟ್ಟು ಕೇಳಿದ, ಕೆಂಪಿಗೆ ಇಟ್ಟು ಕೇಳಿದ. ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಿಸಿದ. ಅವತ್ತು ಮಗಳ ಗಾಡಿ, ಅದಕ್ಕೇ ಯಾರ ಮುಖವನ್ನೂ ನೋಡದೆ ಕಣ್ಣು ಮುಚ್ಚಿಯೇ ಕೇಳಿದ. ಆಮೇಲೆ ಎದ್ದು ನಿಂತು ಹೇಳಿದ:

"ನೀಲಿ ಬ್ಯಾಡ, ಒಳಗ ಏನೋ ಬಡೀತೈತಿ. ಕೆಂಪಂದು ನೋಡವ್ವ, ಬೆಣ್ಣಿ ಇದ್ದಂಗ ಐತಿ."

ಮೈಲಾರೇಶನ ಮುಖ ಸಣ್ಣಗಾಯಿತು. ನಾನು ಬಾಯಿ ತೆರೆದೆ. ನೂರೀನ ನನ್ನ ಕಾಲನ್ನು ಚಪ್ಪಲಿಯಿಂದ ಒತ್ತಿ ತುಳಿದಳು. ಅವಳ ಎಡಗೈ ಇನ್ನೂ ನೀಲಿ ಗಾಡಿಯ ಹ್ಯಾಂಡಲಿನ ಮೇಲಿತ್ತು. ಅದನ್ನು ನಿಧಾನವಾಗಿ ತೆಗೆದಳು.

"ಅಬ್ಬಾ ಹೇಳಿದ್ ಮ್ಯಾಲ ಮುಗೀತು. ಕೆಂಪಂದ ಕೊಡ್ರಿ ಅಣ್ಣ."

ಊರಿಗೆ ಬಂದ ಮೇಲೆ ನಾನು ಅವಳನ್ನು ಬಿಟ್ಟೆನೇ? ನಿನಗೇನು ತಲೆ ಕೆಟ್ಟಿದೆಯೇ, ಕಿವಿ ಅಪ್ಪನಿಗಿಲ್ಲವೋ ನಿನಗಿಲ್ಲವೋ ಎಂದು ಬಾಯಿಗೆ ಬಂದ ಹಾಗೆ ಬೈದೆ. ಅವಳು ಅಳುತ್ತಾ ಹೇಳಿದಳು:

"ಮೈಲಾರೇಶಣ್ಣನ ಮುಂದ ಅಬ್ಬಾಗ ಕಿವಿ ಹೋಗೈತಿ ಅಂತ ಹೇಳ್ಲೇನು ಕಾಕಾ? ನಾಳಿ ಯಾರ್ ಗಾಡಿ ತರ್ತಾರ ಅವ್ರ ಹತ್ರ? ನಾ ಹರಪನಹಳ್ಳಿಗೆ ಒಯ್ದು ಗುಟ್ಟಾಗಿ ಬಿಚ್ಚಿಸ್ತೀನಿ. ನೀವು ಸುಮ್ನಿರ್ರಿ."

ಬಿಚ್ಚಿಸಲಿಲ್ಲ. ಹೇಗೆ ಬಿಚ್ಚಿಸಿಯಾಳು? ಹರಪನಹಳ್ಳಿ ಇರಲಿ, ಹಡಗಲಿ, ಕೂಡ್ಲಿಗಿಯ ಮೆಕ್ಯಾನಿಕ್ಕುಗಳೆಲ್ಲ ವಹಾಬಣ್ಣನ ಕೈಕೆಳಗೆ ಕಲಿತವರು ಇಲ್ಲವೇ ಅವನನ್ನು ಬಲ್ಲವರು. ವಹಾಬನ ಮಗಳು ತನ್ನ ಗಾಡಿಯನ್ನು ಬೇರೆಯವರ ಅಂಗಡಿಗೆ ತಂದಳು ಎಂದರೆ ಸಂಜೆಯೊಳಗೆ ಸುದ್ದಿ ಕೊಟ್ಟೂರಿಗೆ ಬರುತ್ತಿತ್ತು. ಇವತ್ತು ನಾಳೆ ಎಂದು ಮುಂದೂಡಿದಳು.

ಮೊದಲ ಸವಾರಿಗೆ ಅಪ್ಪನನ್ನು ಹಿಂದೆ ಕೂರಿಸಿಕೊಂಡಳು. ಕೆಂಪು ಎಲ್ ಅಕ್ಷರ ಅಂಟಿಸಿದ ಗಾಡಿ, ಟಕ್ ಟಕ್ ಎಂದು ಬಡಿದುಕೊಳ್ಳುತ್ತ ಬಜಾರದಲ್ಲಿ ಹೋಯಿತು. ಅಂಗಡಿಯವರು ತಲೆಯೆತ್ತಿ ನೋಡಿದರು. ವಹಾಬಣ್ಣ ಮಗಳ ಭುಜ ಹಿಡಿದು, ರಾಜನ ಹಾಗೆ ಕೂತು, ನನ್ನ ಅಂಗಡಿಯ ಮುಂದೆ ಬಂದಾಗ ಕೂಗಿದ:

"ನೋಡಲೇ ಅಂಜಿ, ಹ್ಯಾಂಗ ಓಡ್ತೈತಿ! ಒಂಚೂರೂ ಸದ್ದಿಲ್ಲ!"

ನಾನು "ಹೂಂ ಅಣ್ಣ" ಎಂದೆ. ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿಕೊಂಡಿತು.

ಕೋಗಳಿ ರಸ್ತೆಯಲ್ಲಿ ಒಂದು ಬೆಳಿಗ್ಗೆ ಆ ಇಂಜಿನ್ ಒಮ್ಮೆಲೇ ಹಿಡಿದುಕೊಂಡಿತು. ಹಿಂದಿನ ಗಾಲಿ ಕಚ್ಚಿ ನಿಂತಿತು. ಕಲಿಯುತ್ತಿದ್ದ ಹುಡುಗಿ, ಕ್ಲಚ್ಚು ಹಿಡಿಯಬೇಕೆಂದು ಹೊಳೆಯುವುದರೊಳಗೆ ಡಾಂಬರಿನ ಮೇಲೆ ಬಿದ್ದಿದ್ದಳು. ಬಲಗೈ ಮುರಿಯಿತು. ಜೀವ ಉಳಿದದ್ದೇ ಪುಣ್ಯ. ಕೆಂಪು ಗಾಡಿ ಟೆಂಪೋದಲ್ಲಿ ವಹಾಬಣ್ಣನ ಅಂಗಡಿಗೇ ಬಂತು.

ಅವನು ತಾನೇ ಕೂತು ಇಂಜಿನ್ ಬಿಚ್ಚಿದ. ಒಳಗಿನ ರಾಡು, ಬೇರಿಂಗು ಸವೆದು ಪುಡಿಯಾಗಿದ್ದವು. ನಿನ್ನೆ ಮೊನ್ನೆ ಸವೆದದ್ದಲ್ಲ, ಅವನ ಕಣ್ಣಿಗೆ ಅದು ತಿಳಿಯದೇ ಇರುತ್ತದೆಯೇ? ಆ ತುಂಡುಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ಕುಂಟುತ್ತ ನನ್ನ ಮಳಿಗೆಗೆ ಬಂದ.

"ಅವತ್ತು ನಿನಗ ಕೇಳಿಸಿತ್ತೇನಲೇ?"

ನಾನು ಹೌದೆಂದು ತಲೆಯಾಡಿಸಿದೆ.

"ಹುಡುಗಿಗೆ?"

ನಾನು ಸೀಟಿನ ಮೇಲೆ ಬಗ್ಗಿ ಸೂಜಿ ಎಳೆಯತೊಡಗಿದೆ. ನಾನು ತಲೆ ಎತ್ತದೇ ಇದ್ದದ್ದನ್ನು ನೋಡಿ ಅವನು ತಿಳಿದುಕೊಂಡ. ಸೀಟುಗಳ ರಾಶಿಯ ಮೇಲೆ ಕುಸಿದು ಕೂತು ಚಿಕ್ಕ ಮಗುವಿನ ಹಾಗೆ ಅತ್ತ.

"ನನ್ನ ಮರ್ಯಾದಿ ಉಳಿಸಾಕ ನನ್ ಮಗಳು ಕೈ ಮುರಕೊಂಡ್ಳಲ್ಲೋ ಅಂಜಿ!"

ಅಂದೇ ಅಂಗಡಿಯ ಶಟರ್ ಎಳೆದ. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆಂದು ನನ್ನ ಹತ್ತಿರ ಬಂದು ರೆಗ್ಜಿನ್ ಕತ್ತರಿಸಿ ಕೊಡುತ್ತಿದ್ದ. ಗಾಡಿ ತಂದವರಿಗೆ ನಾನು "ವಹಾಬಣ್ಣ ಊರಿಗೆ ಹೋಗ್ಯಾನ" ಎಂದು, ಅವನು ಒಳಗೆ ಮರೆಯಲ್ಲಿ ಕೂತಿರುವಾಗಲೇ ಹೇಳಿ ಕಳಿಸುತ್ತಿದ್ದೆ. ಅದು ಅವನಿಗೆ ಕೇಳುತ್ತಿರಲಿಲ್ಲ. ದಾವಣಗೆರೆಯ ಡಾಕ್ಟರು ನೋಡಿ, ಕಿವಿಗೆ ಮಿಷನ್ ಹಾಕಿದರೂ ಅಷ್ಟಕ್ಕಷ್ಟೇ ಎಂದರು. ಬರಬರುತ್ತ ಬಲಗಿವಿಯ ಹತ್ತಿರ ಹೋಗಿ ಕೂಗಿದರೆ ಮಾತ್ರ ತಿರುಗುವ ಹಾಗಾಯಿತು.

ನೂರೀನಳ ಕೈ ಕೂಡಿಕೊಂಡ ಮೇಲೆ ಮೈಲಾರೇಶ ಆ ನೀಲಿ ಗಾಡಿಯನ್ನು ತಾನೇ ತಂದು ನಿಲ್ಲಿಸಿ, ಕೆಂಪನ್ನು ಹೇರಿಕೊಂಡು ಹೋದ. ನನ್ನ ಕೈಯಲ್ಲಿ ಹೊಟ್ಟೆ ತುಂಬ ಬೈಸಿಕೊಂಡೂ ಹೋದ. ನಾನು ನೀಲಿಗೆ ಹೊಸ ಸೀಟು ಹೊಲಿದೆ. ಹಿಂದೆ ಕೂರುವ ಕಡೆ ದಪ್ಪ ಸ್ಪಂಜು ಹಾಕಿದೆ.

ನೂರೀನ ಬಂದವಳು ಗಾಡಿ ಮುಟ್ಟಲಿಲ್ಲ. ಅಪ್ಪನ ಬಲಗಿವಿಗೆ ಬಾಯಿಟ್ಟು ಕೂಗಿದಳು:

"ಅಬ್ಬಾ, ನೀವು ಕೇಳಿ ಹೂಂ ಅಂದ್ರನ ಇದು ನನ್ ಗಾಡಿ. ಇಲ್ಲಂದ್ರ ಬಸ್ಸಿಗೇ ಹೋಗ್ತೀನಿ."

"ಬ್ಯಾಡ ಬೇಟಿ, ನನ್ ಕಿವಿ ನಂಬಬ್ಯಾಡ" ಎಂದ ಅವನು. ಅವಳು ಕೇಳಲಿಲ್ಲ. ತಾನೇ ಒಳಗಿನಿಂದ ಸ್ಟೂಲು ತಂದು ರಸ್ತೆಯ ಅಂಚಿಗೆ ಇಟ್ಟಳು. ಅವನು ಕೈ ಒರೆಸಿಕೊಂಡು ಕೂತ. ಮಗಳ ಮುಖದಲ್ಲಿ ಅಷ್ಟು ಆಸೆ ಕಂಡು ಅವನಿಗೂ ಆಸೆ ಹುಟ್ಟಿತೇನೋ. ಬೆನ್ನು ನೆಟ್ಟಗೆ ಮಾಡಿ, ಹಳೆಯ ಕಾಲದ ಹಾಗೆ ಕಣ್ಣು ಮುಚ್ಚಿ, "ಒಂದ್ ರೌಂಡ್ ಹೊಡಕೊಂಡ್ ಬಾ" ಎಂದ.

ಅವಳು ಹೋದಳು. ತಿರುವಿನಲ್ಲಿ ಮರೆಯಾಗಿ ವಾಪಸು ಬಂದಳು. ಅಷ್ಟು ನಯವಾಗಿ ಅವಳು ಗೇರು ಬದಲಿಸಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಬಂದು, ಅಪ್ಪನ ಎದುರಿಗೇ ಎರಡೂ ಪಾದ ಊರಿ ನಿಂತಳು. ಇಂಜಿನ್ ಹದವಾಗಿ ಓಡುತ್ತಲೇ ಇತ್ತು. ಅವನು ಏನು ಹೇಳುತ್ತಾನೋ ಎಂದು ಇಬ್ಬರೂ ಕಾದೆವು.

ವಹಾಬಣ್ಣ ಮುಖದ ತುಂಬ ನಗು ಇಟ್ಟುಕೊಂಡು, ಕತ್ತನ್ನು ತಿರುವಿನ ಕಡೆಗೆ ವಾಲಿಸಿ, ಕಣ್ಣು ಮುಚ್ಚಿಯೇ ಕೂತಿದ್ದ. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಕೇಳಿದ:

"ಇನ್ನಾ ಬರಲಿಲ್ಲೇನಲೇ ಅಂಜಿ, ಹುಡುಗಿ?"