ಎಂಬತ್ತೇಳು ರೂಪಾಯಿಯ ಕಾಗದ

ಈ ಕಾಗದಕ್ಕೆ ನಾನು ತೆತ್ತದ್ದು ಎಂಬತ್ತೇಳು ರೂಪಾಯಿ. ಹಾಸನಕ್ಕೆ ಹೋಗಿಬಂದ ಬಸ್ ಚಾರ್ಜು, ಎರಡು ಕಾಫಿ ಬೇರೆ. ಕಾರಣ ಹೇಳಿದರೆ ನಗುತ್ತೀರಿ: ನನಗೆ ಮದುವೆ ಆಗಬೇಕಿತ್ತು.

ಇವತ್ತು ಬೆಳಿಗ್ಗೆ ಟ್ರಂಕನ್ನು ಬಿಸಿಲಿಗಿಟ್ಟಾಗ ಸಿಕ್ಕಿತು. ಹತ್ತು ವರ್ಷವಾದರೂ ಕೊಬ್ಬರಿ ವಾಸನೆ ಹೋಗಿಲ್ಲ. ಆಗ ನಯಾಪೈಸೆ ಬಂದ ಹೊಸತು. ಕಣಕಟ್ಟೆ ಕಡೆಯ ತೋಟಗಳಲ್ಲಿ ಕಾಯಿ ಕೊಂಡು, ಅರಸೀಕೆರೆಯ ಬಾಡಿಗೆ ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿಸಿ, ಕಿವಿಯ ಹತ್ತಿರ ಅಲ್ಲಾಡಿಸಿದಾಗ ಒಳಗೆ ಕೊಬ್ಬರಿ ಗಡಗಡ ಅಂದಮೇಲೆ ಒಡೆಸಿ ಮಾರುವುದು ನನ್ನ ಕಸುಬು. ಸದ್ದು ಕೇಳಿ ಕಾಯಿಯ ಬೆಲೆ ಹೇಳುತ್ತಿದ್ದೆ. ವರ್ಷಕ್ಕೆ ನನ್ನ ಸಂಪಾದನೆ ಎಷ್ಟೆಂಬುದು ಮಾತ್ರ ಗೊತ್ತಿರಲಿಲ್ಲ. ಕಾಯಿ ಕೊಳ್ಳುವಾಗ "ಹೋದ ಸಲ ಮುಳುಗಿಹೋದೆ" ಎನ್ನುತ್ತಿದ್ದೆ. ಹೆಣ್ಣು ನೋಡಲು ಹೋದಾಗ "ಹತ್ತು ಸಾವಿರಕ್ಕೆ ಮೋಸವಿಲ್ಲ" ಎನ್ನುತ್ತಿದ್ದೆ. ಎರಡನ್ನೂ ನಾನೇ ನಂಬಿದ್ದೆ.

ಹಳೇಬೀಡಿನ ಹೆಣ್ಣು. ತಂದೆ ಜವಳಿ ವ್ಯಾಪಾರಿ. ಉಪ್ಪಿಟ್ಟಿನ ತಟ್ಟೆ ಮುಂದೆ ಸರಿಸುತ್ತಾ ಅವರು ಅಂದರು:

"ಬಾಯಿ ಲೆಕ್ಕ ಬ್ಯಾಡ ಕಣಪ್ಪಾ. ನಾನೂ ಗಜಕೋಲು ಹಿಡ್ದೋನೇ. ಸರ್ಕಾರಕ್ಕೆ ಏನು ಕಟ್ಟೀಯ, ಕಾಗ್ದ ತಂದು ತೋರ್ಸು. ಆಮ್ಯಾಕೆ ವೀಳ್ಯ."

ಬಾಗಿಲ ಸಂದಿಯಲ್ಲಿ ನಿಂತಿದ್ದ ಹುಡುಗಿ ಸೆರಗು ಬಾಯಿಗಿಟ್ಟು ನಕ್ಕಳು. ಆ ನಗುವಿಗೇ ನಾನು ಒಪ್ಪಿಬಿಟ್ಟಿದ್ದೆ. ಆದರೆ ಆವರೆಗೆ ತೆರಿಗೆ ಎಂದು ಒಂದು ಕಾಸೂ ಕಟ್ಟಿದವನಲ್ಲ.

ಇದ್ದಬದ್ದ ಚೀಟಿಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿಕೊಂಡು ಹಾಸನದ ತೆರಿಗೆ ಕಚೇರಿಗೆ ಹೋದೆ. ಅಧಿಕಾರಿ ಗಾಡಿ ಬಾಡಿಗೆ ಕಳೆದರು, ಒಡೆಯುವವರ ಕೂಲಿ ಕಳೆದರು. ಅಟ್ಟದ ಮೇಲಿನ ಕಾಯಿಯನ್ನೂ "ಇನ್ನೂ ಮಾರಿಲ್ಲವಲ್ಲ" ಎಂದು ಬಿಟ್ಟರು. ಉಳಿದದ್ದು ಐದು ಸಾವಿರದ ಚಿಲ್ಲರೆ. ಅದಕ್ಕೆ ತೆರಿಗೆ ಎಂಬತ್ತೇಳು ರೂಪಾಯಿ.

"ಸಾರ್, ಇನ್ನೊಂದಷ್ಟು ಸೇರಿಸಿ. ಕಟ್ಟೋಕೆ ನಾನು ತಯಾರು."

"ಏನ್ರೀ, ಹುಷಾರಾಗಿದೀರಾ? ಇಲ್ಲಿಗೆ ಬರೋರೆಲ್ಲ ಇಳಿಸಿ ಅಂತ ಅಳ್ತಾರೆ."

"ಏಳು ಸಾವಿರ ಮಾಡಿ. ಹೋಗ್ಲಿ, ಆರೂವರೆ."

"ಇದೇನು ಸಂತೆಯೇನ್ರೀ? ಬಂದಷ್ಟಕ್ಕೆ ಕಟ್ಟಿ, ನಡೀರಿ!"

ಚೌಕಾಸಿಯಲ್ಲಿ ನಾನು ಸೋತದ್ದು ಅದೊಂದೇ ಸಲ. ಬಸ್ಸು ಅರಸೀಕೆರೆ ಮುಟ್ಟುವಷ್ಟರಲ್ಲಿ ನನ್ನೊಳಗಿನ ಹತ್ತು ಸಾವಿರದ ಸಾಹುಕಾರ ಎಲ್ಲೋ ದಾರಿಯಲ್ಲಿ ಇಳಿದುಹೋಗಿದ್ದ.

ಸಂಬಂಧ ಕೈತಪ್ಪಿತೆಂದುಕೊಂಡೇ ಕಾಗದವನ್ನು ಹುಡುಗಿಯ ತಂದೆಯ ಮುಂದಿಟ್ಟೆ. ಕನ್ನಡಕ ಏರಿಸಿ ಎರಡು ಸಲ ಓದಿದರು. ಆಮೇಲೆ ನನ್ನ ಬೆನ್ನಿಗೊಂದು ಗುದ್ದಿದರು.

"ಭೇಷ್ ಕಣಯ್ಯಾ! ಸರ್ಕಾರಕ್ಕೇ ಐದು ತೋರ್ಸೀಯ ಅಂದ್ರೆ ಮನೇಲಿ ಇಪ್ಪತ್ತು ಐತೆ. ನಾನೂ ನಾಕ್ರಲ್ಲಿ ಒಂದೇ ತೋರ್ಸೋದು. ಏ ಇವಳೇ, ವೀಳ್ಯದ ತಟ್ಟೆ ತಗಂಬಾ!"

ನಿಜ ಹೇಳಲು ಬಾಯಿ ತೆರೆದೆ. ಬಾಗಿಲ ಸಂದಿಯಲ್ಲಿ ಅವಳು ಕಂಡಳು. ತೆರೆದ ಬಾಯಿಗೆ ಎಲೆಯಡಿಕೆ ಹಾಕಿಕೊಂಡೆ.

ಮದುವೆಯಾದ ತಿಂಗಳಿಗೆ ಅವಳು ಅಟ್ಟ ಹತ್ತಿ ಇಳಿದು, ಸೆರಗಿನ ಧೂಳು ಕೊಡವುತ್ತಾ ಕೇಳಿದಳು: "ಮಿಕ್ಕ ಹದಿನೈದು ಸಾವಿರ ಎಲ್ಲಿಟ್ಟಿದೀರಿ?"

"ನಿಮ್ಮಪ್ಪನ ತಲೇಲಿ ಐತೆ."

ಮೂರು ದಿನ ಕೂತು ಗೋಣಿಚೀಲದ ಚೀಟಿಗಳನ್ನೆಲ್ಲ ಕೂಡಿಸಿದಳು. ನಾಲ್ಕನೆಯ ದಿನ ಲೆಕ್ಕದ ಪುಸ್ತಕ ಅವಳ ಕೈಗೆ ಹೋಯಿತು. ಇನ್ನೂ ಹಿಂದಕ್ಕೆ ಬಂದಿಲ್ಲ.

ಇವತ್ತು ಕಾಗದ ತೋರಿಸಿ ನಗಿಸೋಣವೆಂದು ಹೋದೆ. ಅವಳು ನಗಲಿಲ್ಲ. ಮಡಿಕೆಗಳನ್ನು ಬೆರಳಿನಿಂದ ತೀಡುತ್ತಾ, "ಐದು ಅಂದಿದ್ರೂ ಬತ್ತಿದ್ದೆ ಕಣ್ರೀ. ನನ್ನ ಒಂದು ಮಾತು ಕೇಳಬೋದಿತ್ತು" ಎಂದಳು. ಲಾಭವೆಂದು ಹತ್ತು ವರ್ಷ ಬೀಗಿದ ವ್ಯಾಪಾರ ಅದು.

ಆದ್ದರಿಂದ ಹೇಳುತ್ತೇನೆ, ಕೇಳಿ. ವರ್ಷಕ್ಕೊಮ್ಮೆ ಕೂತು ಬಂದದ್ದೆಷ್ಟು, ಕಟ್ಟಿದ್ದೆಷ್ಟು ಎಂದು ಕೂಡಿಸಿ. ಅಟ್ಟದ ಮೇಲಿನ ಕಾಯಿ ಸೇರಿಸಬೇಡಿ. ಆ ಕಾಗದವನ್ನು ಯಾರಿಗೆ ತೋರಿಸುವುದಿದ್ದರೂ, ಮೊದಲು ಬಾಗಿಲ ಸಂದಿಯಲ್ಲಿ ನಿಂತವರಿಗೆ ತೋರಿಸಿ.