ದಾಳಿಂಬೆಯ ಚುಕ್ಕೆ ಯಾವ ಸಬ್ಜೆಕ್ಟು?

ಕಳೆದ ವಾರ ಹಗರಿಬೊಮ್ಮನಹಳ್ಳಿಯ ಸೆಮಿನಾರೊಂದರಲ್ಲಿ ನನ್ನ ಗೆಳತಿ ಶಿವಲೀಲಾ ಎದ್ದು ನಿಂತು ಒಂದು ಪ್ರಶ್ನೆ ಕೇಳಿದಳು.  ನಾನು ಪಕ್ಕದಲ್ಲೇ ಕೂತಿದ್ದೆ.

ಶಿವಲೀಲಾ ಕೊಟ್ಟೂರಿನ ಕಾಲೇಜಿನಲ್ಲಿ ಆರ್ಗ್ಯಾನಿಕ್ ಕೆಮಿಸ್ಟ್ರಿ ಕಲಿಸುತ್ತಾಳೆ. ಇನ್ನೇನು ರಿಟೈರ್ ಆಗುತ್ತಾಳೆ. ಹುಡುಗರೆಲ್ಲ 'ಪ್ರೊಫೆಸರ್' ಎನ್ನುತ್ತಾರೆ. (ಸರ್ಕಾರ ಮಾತ್ರ ಅನ್ನಲಿಲ್ಲ.)

ಹಿಂದೆ ತಂಬ್ರಹಳ್ಳಿ ಕಡೆಯ ತೋಟಗಳಲ್ಲಿ ದಾಳಿಂಬೆಗೆ ಕಪ್ಪು ಚುಕ್ಕೆ ಬೀಳತೊಡಗಿದಾಗ ಇವಳು ಸುಮ್ಮನೆ ಕೂರಲಿಲ್ಲ. ಬಾಟನಿಯ ಸಹೋದ್ಯೋಗಿಯ ಜೊತೆ ಸೇರಿ ತಂಗಡಿ, ಅಂದರೆ ಆವರಿಕೆ ಗಿಡದ ತೊಗಟೆಯಿಂದ ಒಂದು ರಾಸಾಯನಿಕ ಬೇರ್ಪಡಿಸಿದಳು. ಲ್ಯಾಬಿನಲ್ಲಿ ಅದು ರೋಗಾಣುವನ್ನು ತಡೆಯಿತು. ತೋಟದಲ್ಲಿ ಪರೀಕ್ಷಿಸಲು ನೆರವು ಕೇಳಿದಳು.

ಕೆಮಿಸ್ಟ್ರಿಯವರು 'ಇದು ಕೃಷಿ' ಎಂದರು. ಕೃಷಿಯವರು 'ಇದು ಕೆಮಿಸ್ಟ್ರಿ' ಎಂದರು. ಪ್ರೊಫೆಸರ್ ಹುದ್ದೆಯ ಸಂದರ್ಶನದಲ್ಲಿ ತಜ್ಞರೊಬ್ಬರು ನಕ್ಕು, 'ಮೇಡಂ, ಮೊದಲು ಒಂದು ಸಬ್ಜೆಕ್ಟ್ ನೆಟ್ಟಗೆ ಮಾಡಿ' ಎಂದರಂತೆ. ಹುದ್ದೆ ಸಿಗಲಿಲ್ಲ. ತೊಗಟೆಯ ಕೆಲಸವೂ ನಿಂತಿತು. ಚುಕ್ಕೆ ನಿಂತಿತೇ?

ಕಳೆದ ವಾರದ ಸೆಮಿನಾರಿನಲ್ಲಿ ಅದೇ ತಜ್ಞರು ಮುಖ್ಯ ಅತಿಥಿ! 'ವಿಷಯಗಳ ನಡುವಿನ ಗೋಡೆ ಒಡೆಯಿರಿ, ಬೆರೆತು ಸಂಶೋಧನೆ ಮಾಡಿ' ಎಂದು ಗುಡುಗಿದರು.

ಆಗ ಶಿವಲೀಲಾ ಎದ್ದಳು. 'ಸರ, ಹಂಗ ಮಾಡಿದೋರನ್ನ ನೀವ ಫೇಲ್ ಮಾಡಿದ್ರ, ಮತ್ತ್ಯಾರು ಒಡೀಬೇಕ್ರಿ ಗ್ವಾಡಿನ?'

ಅತಿಥಿಗಳು ಮುಗುಳ್ನಕ್ಕರು. 'ಒಳ್ಳೆಯ ಪ್ರಶ್ನೆ. ತಾವೂ ಇಂಥದ್ದೇನಾದರೂ ಪ್ರಯತ್ನಿಸಬೇಕಿತ್ತು ಮೇಡಂ.'

ಸಭೆ ಚಪ್ಪಾಳೆ ತಟ್ಟಿತು. ಆ ತಜ್ಞರಿಗೆ ಇವಳ ಗುರುತೇ ಸಿಕ್ಕಿರಲಿಲ್ಲ! ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಚಹಾದ ಹೊತ್ತಿಗೆ ಅವಳ ಎಂ.ಎಸ್ಸಿ. ವಿದ್ಯಾರ್ಥಿನಿ, ತೆಲಿಗಿಯ ರೇಣುಕಾ ಓಡಿಬಂದಳು. 'ಮೇಡಂ, ನಿಮ್ಮ ತಂಗಡಿ ಕೆಲಸ ನಾನು ಮುಂದುವರಿಸ್ತೀನ್ರಿ. ಪಿಎಚ್.ಡಿ.ಗೆ ಅದನ್ನ ತಗೋತೀನಿ.'

ಶಿವಲೀಲಾಳ ಮುಖ ಅರಳುತ್ತದೆ ಎಂದುಕೊಂಡೆ.

'ಬ್ಯಾಡವ್ವ' ಎಂದಳು. 'ಬರೇ ಕೆಮಿಸ್ಟ್ರಿ ಮಾಡು. ನೌಕರಿ ಸಿಗ್ತೈತಿ.'

ಹುಡುಗಿ ಪೆಚ್ಚಾಗಿ ಹೋದಳು.

ಕೊಟ್ಟೂರು ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. 'ಯಾಕಲೇ ಹಂಗಂದಿ? ಎಷ್ಟು ಆಸಿ ಇಟ್ಕೊಂಡು ಬಂದಿತ್ತು ಕೂಸು!'

'ಆಸಿ ನನಗೂ ಇತ್ತಲ್ಲ' ಎಂದಳು. 'ಅಕಿ ನನ್ನಂಗ ಆಗೋದು ಬ್ಯಾಡ.' 

ಆ ಹುಡುಗಿಗೆ 'ಬ್ಯಾಡ' ಅಂದದ್ದು ಶಿವಲೀಲಾ ಎಂದು ನಿಮಗೆ ಅನ್ನಿಸುತ್ತದೆಯೇ? ನನಗಂತೂ ಅದರಲ್ಲಿ ಸಂದರ್ಶನದ ಆ ತಜ್ಞರ ನಗುವೇ ಕೇಳಿಸಿತು.